ಬ್ಯಾಟರಿ ಹೋಗಿದೆ ಅಂದ್ರೆ ತಕ್ಷಣ ನಂಬಬೇಡಿ

ಹೋದ ತಿಂಗಳು ಬೆಳಗ್ಗೆ ನಮ್ಮ ಹಳೇ ಕಾರು ಸ್ಟಾರ್ಟ್ ಆಗಲಿಲ್ಲ. ಕೀ ತಿರುಗಿಸಿದರೆ ಬರೀ ಟಕ್ ಟಕ್. ಮೆಕ್ಯಾನಿಕ್ ಬಾನೆಟ್ ಎತ್ತಿದವನೇ "ಬ್ಯಾಟರಿ ಹೋಗಿದೆ ಸಾರ್" ಅಂದ. ಮೀಟರ್ ಹಿಡಿದು ನೋಡಲೂ ಇಲ್ಲ. ಹೊಸದು ಹಾಕಿಸಿದೆ, ಹಳೇದನ್ನು ಎಕ್ಸ್‌ಚೇಂಜ್‌ಗೆ ಕೊಟ್ಟೂಬಿಟ್ಟೆ. ಮೂರನೇ ದಿನ ಮತ್ತೆ ಅದೇ ಟಕ್ ಟಕ್. ಈ ಸಲ ಸೆಲ್ಫ್ ಮೋಟರ್, ಅಂದ್ರೆ ಇಂಜಿನ್ ಸ್ಟಾರ್ಟ್ ಮಾಡುವ ಮೋಟರ್, ಹೋಗಿದೆಯಂತೆ!

ಕೊನೆಗೆ ಪಕ್ಕದ ಮನೆಯ ಆಟೋ ಓಡಿಸುವ ಅಣ್ಣ ನೋಡಿದರು. ಬ್ಯಾಟರಿಗೆ ಕೇಬಲ್ ಹಿಡಿಸುವ ಕ್ಲ್ಯಾಂಪಿನ ಒಳಗೆ ಹಸಿರು ಪುಡಿ ಗಟ್ಟಿಯಾಗಿ ಕೂತಿತ್ತು. ನೆಗೆಟಿವ್ ಕೇಬಲ್ ಮೊದಲು ಬಿಚ್ಚಿ, ಬಿಸಿನೀರಿಗೆ ಅಡುಗೆ ಸೋಡಾ ಹಾಕಿ, ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಒರೆಸಿ, ಹತ್ತನೇ ನಂಬರ್ ಸ್ಪ್ಯಾನರ್‌ನಲ್ಲಿ ಬಿಗಿ ಮಾಡಿದರು. ಒಂದೇ ಸಲಕ್ಕೆ ಸ್ಟಾರ್ಟ್.

ಹಾಗಾಗಿ ದುಡ್ಡು ಕೊಡುವ ಮೊದಲು ನಿಮ್ಮ ಎದುರೇ ಬ್ಯಾಟರಿಗೆ ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿಸಿ. ಇಂಜಿನ್ ಆಫ್ ಇದ್ದಾಗ 12.6 ವೋಲ್ಟ್ ಹತ್ತಿರ ಇದ್ದರೆ ಬ್ಯಾಟರಿಯಲ್ಲಿ ಚಾರ್ಜ್ ಇದೆ. ಇಂಜಿನ್ ಓಡುವಾಗ ಸುಮಾರು 14 ತೋರಿಸಬೇಕು. ಆಗಲೂ 12ರಲ್ಲೇ ನಿಂತರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಅಥವಾ ಅದರ ಬೆಲ್ಟ್ ನೋಡಿಸಿ. ಏನೇ ಪಾರ್ಟ್ ಬದಲಿಸಿದರೂ ಹಳೇದನ್ನು ಸುಮ್ನೆ ಬಿಟ್ಟು ಬರಬೇಡಿ, ಕೇಳಿ ಇಸ್ಕೊಳ್ಳಿ. ನಾನಂತೂ ಚೆನ್ನಾಗಿದ್ದ ಬ್ಯಾಟರಿಯನ್ನೇ ಗುಜರಿ ರೇಟಿಗೆ ಕೊಟ್ಟು ಬಂದೆ.