ಕುತ್ತಿಗೆಯ ರಕ್ತನಾಳ ತೆರೆಯುವ ಮುನ್ನ

ಕುತ್ತಿಗೆಯಿಂದ ಮಿದುಳಿಗೆ ರಕ್ತ ಒಯ್ಯುವ ಕ್ಯಾರೋಟಿಡ್ ರಕ್ತನಾಳದಲ್ಲಿ ಅಡಚಣೆ ಇದೆ ಎಂಬ ಡಾಪ್ಲರ್ (ರಕ್ತದ ಹರಿವು ತೋರಿಸುವ ಸ್ಕ್ಯಾನ್) ವರದಿ ಹಿಡಿದು ಗಾಬರಿಯಿಂದ ಬರುವವರಿಗೆ, ವರದಿ ಬಿಡಿಸುವ ಮೊದಲೇ ನಾನು ಕೇಳುವುದಿಷ್ಟು: ಒಂದು ಕಣ್ಣಿಗೆ ತುಸು ಹೊತ್ತು ಕತ್ತಲೆ ಕವಿದಿತ್ತೇ? ಒಂದು ಕೈ ಸೋತು ಅಥವಾ ಮಾತು ತೊದಲಿ, ತಾನಾಗಿಯೇ ಸರಿಹೋಯಿತೇ? ಯಾವಾಗ?

‘ಹೋದ ವಾರ, ಐದೇ ನಿಮಿಷ, ಈಗ ಏನೂ ಇಲ್ಲ ಡಾಕ್ಟ್ರೇ’ ಎಂದರೆ ನನ್ನ ಆತಂಕ ಇಮ್ಮಡಿಸುತ್ತದೆ. ನಾಳದ ಒಳಗೋಡೆಯ ಕೊಬ್ಬಿನ ಪದರ ಬಿರಿದು, ಅಲ್ಲಿ ಹೆಪ್ಪುಗಟ್ಟಿದ ರಕ್ತದ ಚೂರು ಮಿದುಳಿನತ್ತ ಹೋಗಿರಬಹುದು. ಮುಂದಿನ ಚೂರು ದೊಡ್ಡದಿದ್ದರೆ ಪಾರ್ಶ್ವವಾಯು. 1991ರಲ್ಲಿ ಪ್ರಕಟವಾದ ಉತ್ತರ ಅಮೆರಿಕದ ಅಧ್ಯಯನದಲ್ಲಿ, ಲಕ್ಷಣ ಕಾಣಿಸಿಕೊಂಡು ಶೇ. 70ರಿಂದ 99ರಷ್ಟು ಅಡಚಣೆಯಿದ್ದವರ ಪೈಕಿ, ಔಷಧ ಮಾತ್ರ ಪಡೆದ ಶೇ. 26 ಮಂದಿಗೆ ಎರಡು ವರ್ಷಗಳಲ್ಲಿ ಅಡಚಣೆಯಿದ್ದ ಬದಿಯ ಮಿದುಳಿನಲ್ಲೇ ಪಾರ್ಶ್ವವಾಯು ಬಡಿಯಿತು. ನಾಳ ತೆರೆದು ಆ ಪದರ ತೆಗೆಯುವ ಶಸ್ತ್ರಚಿಕಿತ್ಸೆಯಾದವರಲ್ಲಿ ಅದು ಶೇ. 9. ಲಕ್ಷಣ ಕಂಡ ಎರಡು ವಾರದೊಳಗೆ ಮಾಡಿದರೆ ಲಾಭ ಹೆಚ್ಚು. ಹಾಗಾಗಿ ಇಂಥವರಿಗಾಗಿ ಕಾಯಬಲ್ಲ ಬೇರೆ ಶಸ್ತ್ರಚಿಕಿತ್ಸೆಗಳನ್ನು ನಾನು ಮುಂದೂಡುತ್ತೇನೆ.

ಒಪ್ಪುವ ರೋಗಿಗೆ ಕುತ್ತಿಗೆಗಷ್ಟೇ ಅರಿವಳಿಕೆ ಕೊಡಿಸುತ್ತೇನೆ. ಪೂರ್ಣ ಅರಿವಳಿಕೆಯಲ್ಲೂ ಫಲಿತಾಂಶ ಹೆಚ್ಚುಕಡಿಮೆ ಅಷ್ಟೇ. ಆದರೂ ರೋಗಿ ಎಚ್ಚರವಿದ್ದರೆ ನನಗೆ ಧೈರ್ಯ. ಶಸ್ತ್ರಚಿಕಿತ್ಸೆಯ ಎದುರು ಬದಿಯ ಕೈಗೆ (ಮಿದುಳಿನ ಆ ಬದಿಯ ಹತೋಟಿಯಲ್ಲಿರುವುದು ಆ ಕೈಯೇ) ಒತ್ತಿದರೆ ಕೀಚೆನ್ನುವ ರಬ್ಬರ್ ಆಟಿಕೆ ಕೊಡುತ್ತೇವೆ. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟು, ಹರಿವು ತಡೆಯಲು ನಾಳಕ್ಕೆ ಕ್ಲ್ಯಾಂಪ್ ಹಾಕಿದೊಡನೆ ‘ಒತ್ತಿ’ ಎನ್ನುತ್ತೇನೆ. ಸದ್ದು ಬಂದರೆ ಮಿದುಳಿಗೆ ರಕ್ತ ಬೇರೆ ದಾರಿಯಿಂದ ಸಾಲುತ್ತಿದೆ. ಸದ್ದು ಕ್ಷೀಣಿಸಿದರೆ ಕೂಡಲೇ ಶಂಟ್ ಎಂಬ ತೆಳುನಳಿಕೆ ತೂರಿಸಿ ರಕ್ತ ಹರಿಸುತ್ತೇವೆ. ಹಳದಿ ಬಣ್ಣದ ಗಡುಸು ಪದರ ಬಹಳ ಸಲ ಸರಾಗವಾಗಿ ಬಿಟ್ಟುಕೊಳ್ಳುತ್ತದೆ. ಮಿದುಳಿನ ಕಡೆಯ ತುದಿಯಲ್ಲಿ ಮಾತ್ರ ಅವಸರ ಸಲ್ಲದು; ಅಲ್ಲಿ ಎಳೆಯಷ್ಟು ಅಂಚು ಎದ್ದು ನಿಂತರೂ ರಕ್ತದ ರಭಸಕ್ಕೆ ಅದು ಮಡಚಿ ನಾಳವನ್ನೇ ಮುಚ್ಚೀತು. ಕೊನೆಗೆ ನಾಳ ಕಿರಿದಾಗದಂತೆ ಪ್ಯಾಚ್ (ತೇಪೆ) ಇಟ್ಟು ಹೊಲಿಯುತ್ತೇನೆ.

ಹಿಂದೆ ಕುತ್ತಿಗೆಗೆ ವಿಕಿರಣ ಚಿಕಿತ್ಸೆಯಾಗಿದ್ದರೆ ನಾಳವನ್ನು ಒಳಗಿನಿಂದ ತೆರೆದಿಡುವ ಜಾಲರಿ ನಳಿಕೆ, ಅಂದರೆ ಸ್ಟೆಂಟ್ ಕಡೆ ಒಲಿಯುತ್ತೇನೆ. ನಾಳ ಪೂರ್ತಿ ಮುಚ್ಚಿಹೋಗಿದ್ದರೆ ಸಾಮಾನ್ಯವಾಗಿ ತೆರೆಯುವುದಿಲ್ಲ. ಇದನ್ನು ಮನೆಯವರಿಗೆ ಒಪ್ಪಿಸುವುದೇ ಕಷ್ಟ. ಲಕ್ಷಣವೇ ಇಲ್ಲದವರಿಗೆ ಮೊದಲು ಆಸ್ಪಿರಿನ್, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್, ರಕ್ತದೊತ್ತಡದ ಹತೋಟಿ, ಧೂಮಪಾನಕ್ಕೆ ಪೂರ್ಣವಿರಾಮ. ಆಮೇಲೆ ವಯಸ್ಸು, ಪದರದ ಸ್ವರೂಪ ನೋಡಿ ಮುಂದಿನ ಮಾತು.

ಶಸ್ತ್ರಚಿಕಿತ್ಸೆಯಾದ ರಾತ್ರಿ ರಕ್ತದೊತ್ತಡವನ್ನು ಬಿಗಿಯಾಗಿ ಕಾಯುತ್ತೇವೆ. ಮನೆಗೆ ಕಳುಹಿಸುವಾಗ ಜೊತೆಯವರಿಗೆ ತಪ್ಪದೆ ಹೇಳುತ್ತೇನೆ: ಶಸ್ತ್ರಚಿಕಿತ್ಸೆಯಾದ ಬದಿಯಲ್ಲೇ ಜೋರಾಗಿ ತಲೆನೋವು ಬಂದರೆ ನೋವಿನ ಮಾತ್ರೆ ನುಂಗಿಸಿ ಮಲಗಿಸಬೇಡಿ, ನೇರ ಆಸ್ಪತ್ರೆಗೆ ಕರೆತನ್ನಿ, ಹೆಚ್ಚಿದ ರಕ್ತದ ಹರಿವನ್ನು ಮಿದುಳು ತಾಳಲಾರದೆ ಹೋದಾಗ ಮೊದಲು ಕಾಣುವುದು ಹಲವು ಸಲ ಅದೇ ತಲೆನೋವು.