ಪ್ರೇರಣೆಯ ಪ್ರಶ್ನಾವಳಿಯನ್ನು ಟರ್ಕಿಶ್ ಭಾಷೆಗೆ ಒಗ್ಗಿಸುವುದು ಹೇಗೆ?

ವಿದ್ಯಾರ್ಥಿಗೆ ಓದಿನಲ್ಲಿ ಎಷ್ಟು ಆಸಕ್ತಿ, ತನ್ನ ಮೇಲೆ ಎಷ್ಟು ನಂಬಿಕೆ, ಪರೀಕ್ಷೆಯೆಂದರೆ ಎಷ್ಟು ಅಂಜಿಕೆ ಎಂದು ಅಳೆಯಲು ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಪಾಲ್ ಪಿಂಟ್ರಿಚ್ ಮತ್ತು ಸಂಗಡಿಗರು ರೂಪಿಸಿದ ಪ್ರಶ್ನಾವಳಿಯೊಂದಿದೆ. 1991ರ ಕೈಪಿಡಿಯಲ್ಲಿ ಅದರ 81 ಹೇಳಿಕೆಗಳಿವೆ: 31 ಪ್ರೇರಣೆಯ ಕುರಿತು, 50 ಕಲಿಕೆಯ ತಂತ್ರಗಳ ಕುರಿತು. ಪ್ರತಿ ಹೇಳಿಕೆಯೂ ತನಗೆ ಎಷ್ಟು ನಿಜ ಎಂದು ವಿದ್ಯಾರ್ಥಿ 1ರಿಂದ 7ರೊಳಗೆ ಗುರುತು ಹಾಕಬೇಕು. ಇಂಥದ್ದನ್ನು ಟರ್ಕಿಯ ಕಾಲೇಜಿಗೆ ಒಯ್ಯಲು ನಿಘಂಟು ಸಾಲದು.

ಮೊದಲು ಪ್ರಶ್ನಾವಳಿಯನ್ನು ಬಳಸಲು ಒಪ್ಪಿಗೆ ಪಡೆಯಿರಿ. ಈಗಾಗಲೇ ಇರುವ ಟರ್ಕಿಶ್ ರೂಪಗಳನ್ನು ನೋಡಿ. ಬಳಿಕ ಟರ್ಕಿಶ್ ಮನೆಮಾತಿನ ಇಬ್ಬರಿಂದ, ಒಬ್ಬರ ಕರಡು ಇನ್ನೊಬ್ಬರಿಗೆ ಕಾಣದಂತೆ, ಅನುವಾದ ಮಾಡಿಸಿ. ಒಬ್ಬರಿಗೆ ಶಿಕ್ಷಣ ಮನೋವಿಜ್ಞಾನ ಗೊತ್ತಿರಲಿ. ಇನ್ನೊಬ್ಬರಿಗೆ ಗೊತ್ತಿಲ್ಲದಿದ್ದರೇ ಲೇಸು. ವಿದ್ಯಾರ್ಥಿಯ ಮಾತಿಗೆ ಅವರೇ ಹತ್ತಿರ.

ಎರಡೂ ಕರಡುಗಳನ್ನು ಎದುರುಬದುರು ಇಟ್ಟಾಗ ನಿಜವಾದ ಕೆಲಸ ಶುರುವಾಗುತ್ತದೆ. ಇಲ್ಲಿ ಅವಸರ ಬೇಡ. ಮೂಲದಲ್ಲಿ 'ಕ್ಲಾಸ್' ಎಂದರೆ ಓದುತ್ತಿರುವ ಒಂದು ಕೋರ್ಸ್. ಅದನ್ನು 'ಸಿನಿಫ್' ಎಂದರೆ ತರಗತಿಯ ಕೋಣೆಯೋ ಸಹಪಾಠಿಗಳೋ ನೆನಪಾಗುತ್ತಾರೆ. ಬೇಕಾದ ಪದ 'ದೆರ್ಸ್'. ಸವಾಲೊಡ್ಡುವ ಪಾಠ ಇಷ್ಟವೇ ಎಂದು ಕೇಳುವ ಮೊದಲ ಹೇಳಿಕೆ ಇನ್ನೂ ತೊಡಕಿನದು. ಹತ್ತಿರದ ಕ್ರಿಯಾಪದ 'ಜೋರ್ಲಮಕ್'. ಅದಕ್ಕೆ ಒತ್ತಾಯಿಸು, ಕಷ್ಟಕ್ಕೆ ಗುರಿಮಾಡು ಎಂಬ ಅರ್ಥಗಳೂ ಇವೆ. ಅದರ ಬೇರಾದ 'ಜೋರ್' ಪರ್ಷಿಯನ್ ಪದ. ನಮ್ಮ 'ಜೋರು' ಬಂದದ್ದೂ ಅಲ್ಲಿಂದಲೇ. ಕಾಡುವ ಪಾಠ ಎಂದು ಓದಿಕೊಂಡರೆ ಕಲಿಯುವ ಹುಮ್ಮಸ್ಸಿರುವ ಹುಡುಗಿಯೂ 2ಕ್ಕೆ ಗುರುತು ಹಾಕಿಯಾಳು. ಹಾಗಾಗಿ ಪದಕ್ಕೆ ಪದ ಹುಡುಕದೆ, ಕಷ್ಟವಾದರೂ ಹೊಸದನ್ನು ಕಲಿಸುವ ಪಾಠ ಎಂಬ ಅರ್ಥ ಬರುವಂತೆ ಬಿಡಿಸಿ ಬರೆಯಿರಿ.

ಕ್ರಿಯಾಪದದ ಕಾಲವನ್ನೂ ನೋಡಿಕೊಳ್ಳಿ. 'ಚಾಲಿಶಿರಿಂ' ಎಂದರೆ ಓದುತ್ತೇನೆ. ಅದು ರೂಢಿಯೂ ಆಗಬಹುದು, ಮುಂದಿನ ಭರವಸೆಯೂ ಆಗಬಹುದು. ಕನ್ನಡದ 'ಓದುತ್ತೇನೆ'ಯೂ ಹಾಗೆಯೇ ಅಲ್ಲವೇ? ಇನ್ನು ನಿಷೇಧ, ಅಂದರೆ 'ಇಲ್ಲ' ಎನ್ನುವ ರೂಪ: ಟರ್ಕಿಶಿನಲ್ಲಿ ಅದು ಕ್ರಿಯಾಪದದ ನಡುವೆ ಅಡಗುವ ಪುಟ್ಟ ಪ್ರತ್ಯಯ, ಬೇಗ ಓದುವವರ ಕಣ್ಣಿಗೆ ತಪ್ಪಬಹುದು. ಅನಿವಾರ್ಯವಲ್ಲದೆಡೆ ಬಳಸಬೇಡಿ.

ಮುಂದಿನದು ಮರು ಅನುವಾದ. ಮೂಲವನ್ನು ಕಾಣದ ಮೂರನೆಯವರು ಟರ್ಕಿಶ್ ಪಠ್ಯವನ್ನು ಇಂಗ್ಲಿಷಿಗೆ ತಿರುಗಿಸಬೇಕು. ಆದರೆ ಎರಡು ಇಂಗ್ಲಿಷ್ ಪಠ್ಯಗಳು ಹೊಂದಿದವೆಂದು ನೆಮ್ಮದಿಪಡಬೇಡಿ. ಜಾಣ ಅನುವಾದಕರು 'ಜೋರ್ಲಮಕ್' ಕಂಡು ಸವಾಲು ಎಂದೇ ಊಹಿಸಿಬಿಡುತ್ತಾರೆ. ಹತ್ತಾರು ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಕೂರಿಸಿ, ಹೇಳಿಕೆ ಓದಿಸಿ, ಏನು ಅರ್ಥವಾಯಿತೆಂದು ಅವರ ಮಾತಿನಲ್ಲೇ ಹೇಳಿಸಿ. ಯಾವ ಹಂತವನ್ನು ಬಿಟ್ಟರೂ ಇದನ್ನು ಬಿಡಬೇಡಿ.

ಕೊನೆಗೆ ಲೆಕ್ಕ. ಹೇಳಿಕೆಗೆ 5ರಿಂದ 10 ಮಂದಿ ಎಂಬ ರೂಢಿಯಂತೆ 405ರಿಂದ 810 ವಿದ್ಯಾರ್ಥಿಗಳು ಬೇಕು. ಹೇಳಿಕೆಗಳು ಮೂಲದ ಗುಂಪುಗಳಲ್ಲೇ (ಆಸಕ್ತಿಯವು ಒಂದೆಡೆ, ಅಂಜಿಕೆಯವು ಒಂದೆಡೆ, ಹೀಗೆ) ಕೂಡುತ್ತವೆಯೇ ಎಂಬುದನ್ನು ದೃಢೀಕರಣಾತ್ಮಕ ಅಂಶ ವಿಶ್ಲೇಷಣೆ ಎಂಬ ಸಂಖ್ಯಾಶಾಸ್ತ್ರದ ವಿಧಾನ ತೋರಿಸುತ್ತದೆ; ಒಂದು ಗುಂಪಿನ ಹೇಳಿಕೆಗಳಿಗೆ ಬಂದ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ಹೇಳುವ ಕ್ರಾನ್‌ಬಾಕ್ ಆಲ್ಫಾ ಎಂಬ ಅಂಕಿ 0.70 ದಾಟಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಗುಂಪಿಗೆ ಸೇರದ ಹೇಳಿಕೆಯನ್ನು ಅಳಿಸುವ ಮುನ್ನ ಅದರ ಟರ್ಕಿಶ್ ವಾಕ್ಯವನ್ನು ಮತ್ತೆ ಓದಿ. ತಿದ್ದಿದರೆ ಬೇರೆ ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿ, ತೆಗೆದರೆ ಯಾಕೆಂದು ವರದಿಯಲ್ಲಿ ಬರೆಯಿರಿ.