ಕಪ್‌ಗಳನ್ನು ಕೊನೆಗೆ ಎಣಿಸಿ: ಇಟಲಿಯ ಆಟಗಾರ-ಕೋಚ್ ಒಬ್ಬನ ಪರಿಚಯ ಬರೆಯುವ ಬಗೆ

ಕ್ರೀಡಾಪುಟದ ಮೇಜಿನಲ್ಲಿ ಇಪ್ಪತ್ತೆರಡು ವರ್ಷ ಕೂತು ಎದ್ದವನು ನಾನು. ಯಾವನೋ ಕೋಚ್ ಫೈನಲ್ ಗೆದ್ದ ರಾತ್ರಿ, ಪುಟ ಮುಗಿಸಲು ಮುಕ್ಕಾಲು ಗಂಟೆ ಉಳಿದಿರುವಾಗ, 'ಇವನದೊಂದು ಪರಿಚಯ ಬರೆದುಬಿಡಿ' ಎಂಬ ಆಜ್ಞೆ ಬರುತ್ತಿತ್ತು. ಮೊದಮೊದಲು ಎಲ್ಲರ ಹಾಗೆ ನಾನೂ ಗೆದ್ದ ಕಪ್‌ಗಳನ್ನು ಸಾಲಾಗಿ ಬರೆದು, ನಡುನಡುವೆ ಕ್ರಿಯಾಪದ ಅಂಟಿಸುತ್ತಿದ್ದೆ. ಓದಿದವರಿಗೆ ಆ ಮನುಷ್ಯ ಯಾರೆಂದು ಗೊತ್ತಾಗುತ್ತಿರಲಿಲ್ಲ. ಆಮೇಲೆ ಕಂಡುಕೊಂಡ ದಾರಿಯನ್ನು, ಮೊದಲು ಫುಟ್‌ಬಾಲ್ ಆಟಗಾರನಾಗಿ ಆಮೇಲೆ ಕೋಚ್ ಆದ ಕಾರ್ಲೊ ಅಂಚೆಲೊಟ್ಟಿಯ ಉದಾಹರಣೆ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಹೆಸರು ಸರಿಮಾಡಿಕೊಳ್ಳಿ. ಇಟಾಲಿಯನ್‌ನಲ್ಲಿ ಅದು 'ಅನ್ಸೆಲೊಟಿ' ಅಲ್ಲ, ಅಂಚೆಲೊಟ್ಟಿ. ಅಂಚೆ ಕಚೇರಿಯ ಅಂಚೆ ನೆನಪಿಟ್ಟುಕೊಂಡರೆ ತಪ್ಪುವುದಿಲ್ಲ. ಅವನ ಗುರು ಅರ್ರಿಗೊ ಸಾಕ್ಕಿ, 'ಸಚ್ಚಿ' ಅಲ್ಲ.

ಈಗ ಹಾಳೆಯ ನಡುವೆ ಒಂದು ಗೆರೆ ಎಳೆಯಿರಿ. ಎಡಕ್ಕೆ ಆಟಗಾರ, ಬಲಕ್ಕೆ ಕೋಚ್. ಎಡಗಡೆ ಕ್ಲಬ್‌ಗಳ ಹೆಸರಷ್ಟೇ ಬರೆದರೆ ಏನೂ ಬರೆದ ಹಾಗಾಗಲಿಲ್ಲ. ಪ್ರತಿ ಕ್ಲಬ್‌ನ ಮುಂದೆ ಮೂರು ಸಂಗತಿ ಬೇಕು: ಆಗ ಕೋಚ್ ಯಾರಿದ್ದರು, ಇವನು ಮೈದಾನದ ಯಾವ ಜಾಗದಲ್ಲಿ ನಿಲ್ಲುತ್ತಿದ್ದ, ಯಾವಾಗ ಆಡಲಾಗದೆ ಕೂತಿದ್ದ.

ಮೂರನೆಯದನ್ನು ಯಾರೂ ಬರೆಯುವುದಿಲ್ಲ. ನನಗೆ ಅದೇ ಮುಖ್ಯ. 1959ರಲ್ಲಿ ರೆಜ್ಜೋಲೊ ಎಂಬ ಊರಿನ ರೈತನ ಮಗನಾಗಿ ಹುಟ್ಟಿದ ಅಂಚೆಲೊಟ್ಟಿ ಪಾರ್ಮಾದಲ್ಲಿ ಶುರುಮಾಡಿ 1979ರಲ್ಲಿ ರೋಮಾಕ್ಕೆ ಹೋದ. ಅಲ್ಲಿ ಕೋಚ್ ಸ್ವೀಡನ್ನಿನ ನಿಲ್ಸ್ ಲೀಡ್‌ಹೋಮ್. 1981ರಲ್ಲಿ ಮೊಣಕಾಲು ಹೋಯಿತು, 1982ರ ವಿಶ್ವಕಪ್ ತಪ್ಪಿತು. ಇಟಲಿ ಗೆದ್ದ ವಿಶ್ವಕಪ್ ಅದು. 1983ರ ಡಿಸೆಂಬರ್‌ನಲ್ಲಿ ಮತ್ತೆ ಮೊಣಕಾಲು. 1984ರಲ್ಲಿ ರೋಮಾ ತನ್ನದೇ ಊರಿನ ಮೈದಾನದಲ್ಲಿ ಯುರೋಪಿಯನ್ ಕಪ್ (ಯುರೋಪಿನ ಕ್ಲಬ್‌ಗಳ ದೊಡ್ಡ ಕಪ್, ಈಗಿನ ಚಾಂಪಿಯನ್ಸ್ ಲೀಗ್) ಫೈನಲ್ ಆಡಿ ಲಿವರ್‌ಪೂಲ್‌ಗೆ ಪೆನಾಲ್ಟಿಯಲ್ಲಿ ಸೋತಾಗ ಇವನು ಆಡುವ ಸ್ಥಿತಿಯಲ್ಲಿರಲಿಲ್ಲ. ಇಪ್ಪತ್ತೈದು ತುಂಬುವ ಮೊದಲೇ ಎರಡು ದೊಡ್ಡ ದಿನಗಳು ಕೈತಪ್ಪಿದವು. ಬೆಂಚಿನ ಮೇಲೆ ಕೂತವನ ಮುಖ ನೋಡಿ ಮಾತಾಡುವ ಕೋಚ್ ಎಲ್ಲಿಂದ ಬಂದ ಎಂದು ಕೇಳಿದರೆ ನಾನು ಈ ಕಡೆಗೇ ಬೆರಳು ತೋರಿಸುತ್ತೇನೆ.

1987ರಲ್ಲಿ ಮಿಲಾನ್. ಕೋಚ್ ಸಾಕ್ಕಿ, ವ್ಯೂಹ 4-4-2, ಅಂದರೆ ಗೋಲಿ ಬಿಟ್ಟು ಹಿಂದೆ ನಾಲ್ವರು, ನಡುವೆ ನಾಲ್ವರು, ಮುಂದೆ ಇಬ್ಬರು. ಹಿಂದಿನವರಿಂದ ಮುಂದಿನವರವರೆಗೆ ಇಡೀ ತಂಡ ಒಂದೇ ಹಗ್ಗಕ್ಕೆ ಕಟ್ಟಿದಂತೆ ಮುಂದೆ ಹಿಂದೆ ಸರಿಯಬೇಕು. ಆ ಹಗ್ಗದ ನಡುಗಂಟು ಅಂಚೆಲೊಟ್ಟಿ. 1989ರ ಯುರೋಪಿಯನ್ ಕಪ್ ಸೆಮಿಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್‌ಗೆ 5-0 ಹೊಡೆದಾಗ ಮೊದಲ ಗೋಲು, ದೂರದಿಂದ ಹೊಡೆದದ್ದು, ಇವನದೇ. 1992ರಲ್ಲಿ ಆಟ ಬಿಟ್ಟ. ಸ್ವಂತ ಮೈದಾನದ ಕೊನೆಯ ಪಂದ್ಯದಲ್ಲಿ, ವೆರೋನಾ ಎದುರು, ಬದಲಿ ಆಟಗಾರನಾಗಿ ಬಂದು ಎರಡು ಗೋಲು ಹೊಡೆದ. ಆಮೇಲೆ ರಾಷ್ಟ್ರೀಯ ತಂಡದಲ್ಲಿ ಅದೇ ಸಾಕ್ಕಿಗೆ ಸಹಾಯಕ.

ಇಷ್ಟು ಬರೆದ ಮೇಲೆ ಬಲಗಡೆ ತಾನಾಗಿ ತುಂಬುತ್ತದೆ. 1995ರಲ್ಲಿ ರೆಜ್ಜಾನ ತಂಡವನ್ನು ಹಿಡಿದು ಒಂದೇ ಋತುವಿನಲ್ಲಿ ಇಟಲಿಯ ಮೇಲಿನ ದರ್ಜೆಯಾದ ಸೀರಿ ಎಗೆ ಏರಿಸಿದ. ಮುಂದೆ ಪಾರ್ಮಾ. ಇಲ್ಲಿ ನಿಧಾನವಾಗಿ ಬರೆಯಿರಿ, ಏಕೆಂದರೆ ಅವನು ತಪ್ಪು ಮಾಡಿದ್ದು ಇಲ್ಲಿ. ಗುರುವಿನ 4-4-2ರಲ್ಲಿ ಸ್ಟ್ರೈಕರ್‌ಗಳ ಹಿಂದೆ ಸ್ವತಂತ್ರವಾಗಿ ಅಲೆಯುವವನಿಗೆ ಜಾಗವಿಲ್ಲ. ಹಾಗೆ ಅಲೆಯುತ್ತಿದ್ದ ಝೋಲಾನನ್ನು ಅಂಚಿಗೆ ತಳ್ಳಿದ, ಅವನು 1996ರ ನವೆಂಬರ್‌ನಲ್ಲಿ ಚೆಲ್ಸಿಗೆ ಹೋದ. 1997ರಲ್ಲಿ ಅಂಥದೇ ಆಟದ ರಾಬರ್ಟೊ ಬಾಜ್ಜೊ ಬರುವುದರಲ್ಲಿದ್ದ, ಬೇಡವೆಂದ. ಬಾಜ್ಜೊ ಬೊಲೊನ್ಯಾಕ್ಕೆ ಹೋಗಿ ಆ ಋತುವಿನ ಲೀಗ್‌ನಲ್ಲಿ 22 ಗೋಲು ಹೊಡೆದ.

ಮುಂದೆ ಕೋಚ್ ಆಗಿ ಹೋದ ಯುವೆಂಟಸ್‌ನಲ್ಲಿ ಎದುರಿಗೆ ನಿಂತವನು ಅಂಥದೇ ಆಟದ ಝಿದಾನ್. ಅವನನ್ನು ಅಂಚಿಗೆ ತಳ್ಳಲು ಸಾಧ್ಯವೇ? ವ್ಯೂಹವೇ ಬದಲಾಯಿತು. ಮಿಲಾನ್‌ನಲ್ಲಿ ಇನ್ನೂ ಮುಂದಕ್ಕೆ ಹೋಗಿ, ಪಿರ್ಲೊನನ್ನು ರಕ್ಷಣಾ ಸಾಲಿನ ಮುಂದೆ ನಿಲ್ಲಿಸಿ, ರುಯಿ ಕೋಸ್ಟಾ, ಸೀಡಾರ್ಫ್‌ರಂಥವರಿಗೂ ಎಡೆ ಮಾಡಿದ. 4-3-2-1, ಇಟಲಿಯವರ ಬಾಯಲ್ಲಿ 'ಕ್ರಿಸ್‌ಮಸ್ ಮರ'. ಇಲ್ಲಿ ಒಂದು ಎಚ್ಚರಿಕೆ: ಪಿರ್ಲೊನನ್ನು ಹಿಂದೆ ಆಡಿಸಿದ ಶ್ರೇಯ ಪೂರ್ತಿ ಇವನಿಗೆ ಕೊಡಬೇಡಿ. 2001ರಲ್ಲಿ ಬ್ರೆಶಾ ತಂಡದಲ್ಲಿ ಕಾರ್ಲೊ ಮಾತ್ಸೋನೆ ಅದನ್ನು ಆಗಲೇ ಮಾಡಿದ್ದರು.

ಅಂಕಿಗಳ ವಿಷಯದಲ್ಲಿ ನಾನೇ ಮುಗ್ಗರಿಸಿದ್ದೇನೆ. ಆಟಗಾರನಾಗಿ 1982-83ರಲ್ಲಿ ರೋಮಾ ಜೊತೆ ಲೀಗ್ ಗೆದ್ದಾಗ 43 ಅಂಕ, ಕೋಚ್ ಆಗಿ 2003-04ರಲ್ಲಿ ಮಿಲಾನ್ ಜೊತೆ ಗೆದ್ದಾಗ 82. 'ಹೆಚ್ಚುಕಡಿಮೆ ಎರಡರಷ್ಟು ಬಲ' ಎಂದು ಜಂಬದಿಂದ ಬರೆದೆ. ಓದುಗರೊಬ್ಬರು ಕಾರ್ಡು ಹಾಕಿ ಕಿವಿ ಹಿಂಡಿದರು. ಇಟಲಿಯಲ್ಲಿ 1994ರವರೆಗೆ ಗೆಲುವಿಗೆ ಎರಡೇ ಅಂಕ, ಆಮೇಲೆ ಮೂರು. ಜೊತೆಗೆ ಅಂದು 30 ಪಂದ್ಯ, ಆಮೇಲೆ 34. ಆದ್ದರಿಂದ ಎರಡು ಕಾಲದ ಅಂಕಗಳನ್ನು ಪಕ್ಕಪಕ್ಕ ಇಡಬೇಡಿ. ವರ್ಷವನ್ನೂ ಒಂಟಿಯಾಗಿ ಬರೆಯಬೇಡಿ. ಅಲ್ಲಿನ ಋತು ಎರಡು ಕ್ಯಾಲೆಂಡರಿನ ಮೇಲೆ ಕಾಲು ಚಾಚಿರುತ್ತದೆ. ದಂಡವನ್ನೂ ನೋಡಿ: 2006-07ರಲ್ಲಿ ಮಿಲಾನ್ ಎಂಟು ಅಂಕ ಕಡಿತದೊಂದಿಗೆ ಹೊರಟು ಲೀಗ್‌ನಲ್ಲಿ ನಾಲ್ಕನೆಯದಾಯಿತು, ಅದೇ ಋತುವಿನಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದಿತು.

ಸೋಲುಗಳಿಗೂ ಸಾಲು ಕೊಡಿ, ಸ್ಕೋರು ಸಮೇತ. 2000ದ ಮೇ 14ರಂದು ಪೆರುಜಾದಲ್ಲಿ ಜಡಿಮಳೆಗೆ ಆಟ ಗಂಟೆಗೂ ಹೆಚ್ಚು ನಿಂತಿತು, ಮತ್ತೆ ಶುರುವಾದಾಗ ಯುವೆಂಟಸ್ 0-1 ಸೋತಿತು. ಒಂದೇ ಅಂಕಕ್ಕೆ ಲೀಗ್ ಕೈತಪ್ಪಿತು: ಲಾಝಿಯೊ 72, ಯುವೆಂಟಸ್ 71. 2005ರ ಇಸ್ತಾಂಬುಲ್‌ನ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಅರ್ಧ ಆಟಕ್ಕೆ 3-0 ಮುಂದಿದ್ದ ಮಿಲಾನ್ ಲಿವರ್‌ಪೂಲ್‌ಗೆ ಪೆನಾಲ್ಟಿಯಲ್ಲಿ ಸೋತಿತು. ಎರಡು ವರ್ಷದ ನಂತರ ಅಥೆನ್ಸ್‌ನಲ್ಲಿ ಅದೇ ಲಿವರ್‌ಪೂಲ್ ಎದುರು 2-1 ಗೆದ್ದಿತು.

ಚೆಲ್ಸಿ, ಪ್ಯಾರಿಸ್, ಮ್ಯಾಡ್ರಿಡ್, ಮ್ಯೂನಿಕ್, ನಾಪೊಲಿ, ಎವರ್ಟನ್, ಮತ್ತೆ ಮ್ಯಾಡ್ರಿಡ್, 2025ರಿಂದ ಬ್ರೆಝಿಲ್: ಇದಕ್ಕೆ ಒಂದು ಪ್ಯಾರಾ ಸಾಕು. ಆ ಹೊತ್ತಿಗೆ ಮನುಷ್ಯ ತಯಾರಾಗಿದ್ದ.

ಕಪ್‌ಗಳಿಗೆ ಈಗ ಪುಟದಲ್ಲಿ ಎರಡು ಸಾಲು ಉಳಿದಿರುತ್ತದೆ, ಹಿಡಿಯುತ್ತವೆ. ಆಟಗಾರನಾಗಿ ಯುರೋಪಿಯನ್ ಕಪ್: 1989, 1990. ಕೋಚ್ ಆಗಿ ಚಾಂಪಿಯನ್ಸ್ ಲೀಗ್: 2003, 2007, 2014, 2022, 2024.